ಸಾನ್ನಿಧ್ಯವೂ ವಿನ್ಯಾಸದ ಕಲಿಕೆಯೂ

ಅರಿವೆಂಬುದು ಬಲ್ಲವನಿಂದ ಬಿಡಿಸಿ ಬೇರೆಯವರಿಗೆ ಕಳುಹಿಸಿಕೊಡಬಹುದಾದ ವಸ್ತುವೇ, ಅಥವಾ ಬಲ್ಲವನ ಬಳಿ ಕುಳಿತವರಿಗೆ ಮಾತ್ರ ಒದಗುವಂಥದ್ದೇ ಎಂಬುದು ಹಳೆಯ ಪ್ರಶ್ನೆ. ಬ್ರಿಟಿಷ್ ತತ್ತ್ವಜ್ಞ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟವಾದ ‘ದ ಕಾನ್ಸೆಪ್ಟ್ ಆಫ್ ಮೈಂಡ್’ ಗ್ರಂಥದಲ್ಲಿ, ಒಂದು ಸಂಗತಿ ಹೀಗಿದೆ ಎಂದು ತಿಳಿದಿರುವುದಕ್ಕೂ ಒಂದು ಕೆಲಸವನ್ನು ಮಾಡಬಲ್ಲವನಾಗಿರುವುದಕ್ಕೂ ಇರುವ ಅಂತರವನ್ನು ವಿವರಿಸಿ, ಎರಡನೆಯದನ್ನು ಮೊದಲನೆಯದರ ಬರಿಯ ಅನ್ವಯವೆಂದು ಎಣಿಸಲಾಗದೆಂದು ವಾದಿಸಿದರು. ವಿನ್ಯಾಸ, ಅಂದರೆ ಇನ್ನೂ ಇಲ್ಲದ ವಸ್ತುವನ್ನೋ ವ್ಯವಸ್ಥೆಯನ್ನೋ ಬಳಸುವವರ ಅಗತ್ಯಕ್ಕೆ ತಕ್ಕಂತೆ ಕಲ್ಪಿಸಿ ರೂಪಿಸುವ ವಿದ್ಯೆ, ಬಹುಮಟ್ಟಿಗೆ ಈ ಎರಡನೆಯ ಬಗೆಗೆ ಸೇರಿದ್ದು. ಆದ್ದರಿಂದ ದುಡಿಮೆಯ ನಡುವೆ, ಮನೆಯಲ್ಲಿದ್ದುಕೊಂಡೇ, ತನಗೆ ಒಗ್ಗುವ ವೇಗದಲ್ಲಿ ವಿನ್ಯಾಸದ ಪದವಿ ಪಡೆಯಬಹುದೇ ಎಂಬುದು ಶಿಕ್ಷಣ ಇಲಾಖೆಗಳ ಪ್ರಶ್ನೆಯಂತೆ ಕಂಡರೂ, ಆಳದಲ್ಲಿ ಜ್ಞಾನಮೀಮಾಂಸೆಗೆ, ಎಂದರೆ ಅರಿವಿನ ಸ್ವರೂಪವನ್ನು ವಿಚಾರಿಸುವ ತತ್ತ್ವಶಾಖೆಗೆ ಸೇರಿದ ಪ್ರಶ್ನೆಯಾಗಿದೆ.

ಸಾನ್ನಿಧ್ಯದ ಪರವಾದ ವಾದಕ್ಕೆ ಬಲವಿದೆ. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರ ‘ದ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಗ್ರಂಥದಲ್ಲಿ ವಾಸ್ತುಶಿಲ್ಪ ಸ್ಟುಡಿಯೊದ ಒಂದು ಪಾಠವನ್ನು ವಿಶ್ಲೇಷಿಸುತ್ತಾರೆ: ಇಳಿಜಾರಿನ ನಿವೇಶನಕ್ಕೆ ಶಾಲೆಯ ಕಟ್ಟಡವನ್ನು ಹೊಂದಿಸಲಾಗದೆ ನಿಂತುಹೋದ ವಿದ್ಯಾರ್ಥಿನಿಯ ನಕ್ಷೆಯ ಮೇಲೆ ಗುರು ಟ್ರೇಸಿಂಗ್ ಕಾಗದ ಹಾಸಿ, ಮಾತನಾಡುತ್ತಲೇ ಗೆರೆ ಎಳೆಯುತ್ತಾನೆ. ಮಾತು ಗೆರೆಯನ್ನೂ ಗೆರೆ ಮಾತನ್ನೂ ಬೆಳಗುತ್ತ ಸಾಗುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗದು.

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿರುವ ಓಪನ್ ಯೂನಿವರ್ಸಿಟಿ ಈ ಸಾನ್ನಿಧ್ಯವನ್ನು ಮೊದಲಿಗೇ ಬಿಟ್ಟುಕೊಟ್ಟು ಹೊರಟ ಸಂಸ್ಥೆ. 1969ರಲ್ಲಿ ರಾಜಸನ್ನದು ಪಡೆದು 1971ರಲ್ಲಿ ಪಾಠ ಆರಂಭಿಸಿದ ಅದು, ಹಿಂದಿನ ವಿದ್ಯಾರ್ಹತೆಯನ್ನು ಕೇಳದೆ, ಅಂಚೆಯಲ್ಲಿ ಕಳುಹಿಸಿದ ಪಾಠಗಳಿಂದಲೂ ಬಿಬಿಸಿ ಪ್ರಸಾರಗಳಿಂದಲೂ ಪದವಿ ಶಿಕ್ಷಣ ನೀಡಿತು. ಅಧ್ಯಯನವನ್ನು ಅಳೆಯುವ ಕ್ರೆಡಿಟ್ ಎಂಬ ಮಾನದಲ್ಲಿ ಒಂದಕ್ಕೆ ಸುಮಾರು 10 ಗಂಟೆಗಳ ಓದು. ಆನರ್ಸ್ ಪದವಿಗೆ 360 ಕ್ರೆಡಿಟ್ ಬೇಕಾಗಿ, ವರ್ಷಕ್ಕೆ 60ರಂತೆ ಸಾಗಿದವರಿಗೆ 6 ವರ್ಷ ಹಿಡಿಯುತ್ತದೆ. ಅಲ್ಲಿ ವಿನ್ಯಾಸ ಬೋಧಿಸುತ್ತಿದ್ದ ನೈಜೆಲ್ ಕ್ರಾಸ್ 1982ರಲ್ಲಿ ‘ಡಿಸೈನ್ ಸ್ಟಡೀಸ್’ ಪತ್ರಿಕೆಯ ಪ್ರಬಂಧವೊಂದರಲ್ಲಿ, ವಿಜ್ಞಾನಕ್ಕೂ ಮಾನವಿಕಗಳಿಗೂ ಇರುವಂತೆ ವಿನ್ಯಾಸಕ್ಕೂ ತನ್ನದೇ ಆದ ಅರಿಯುವ ಬಗೆಯಿದೆಯೆಂದೂ, ವಿನ್ಯಾಸಕಾರರು ಸಮಸ್ಯೆಯನ್ನು ಪೂರ್ತಿ ಬಿಡಿಸಿ ನೋಡುವವರೆಗೆ ಕಾಯದೆ ಪರಿಹಾರದತ್ತ ದೃಷ್ಟಿಯಿಟ್ಟೇ ಮುನ್ನಡೆಯುತ್ತಾರೆಂದೂ ನಿರೂಪಿಸಿದರು. ಈ ಮಾತು ದೂರಶಿಕ್ಷಣದ ಸಂಸ್ಥೆಯೊಂದರಿಂದ ಬಂದದ್ದು ಆಕಸ್ಮಿಕವೆಂದು ತೋರುವುದಿಲ್ಲ. ಪಕ್ಕದಲ್ಲಿ ಕುಳಿತು ಮಾಡಿ ತೋರಿಸಬಲ್ಲವರಿಗೆ ತಾವು ತೋರಿಸುತ್ತಿರುವುದು ಏನೆಂದು ಹೇಳುವ ಒತ್ತಾಯ ಬೀಳದು. ಬರೆದು ಕಳುಹಿಸಬೇಕಾದವರು ಮಾತ್ರ ಕೈಯಲ್ಲಿ ಮೌನವಾಗಿ ಉಳಿದದ್ದನ್ನು ಮಾತಿಗೆ ತರಲೇಬೇಕಾಗುತ್ತದೆ.

ಗುರುವಿಲ್ಲದ ಕಲಿಕೆ ಎಂದೊಡನೆ ಕನ್ನಡದ ಓದುಗರಿಗೆ ಏಕಲವ್ಯ ನೆನಪಾಗುವುದು ಸಹಜ, ಆದರೆ ಈ ಹೋಲಿಕೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಮಣ್ಣಿನ ದ್ರೋಣ ಮಾತಾಡದಿದ್ದರೂ ಬಿಲ್ಲುವಿದ್ಯೆಯಲ್ಲಿ ಗುರಿಯೇ ಉತ್ತರ ಹೇಳುತ್ತದೆ. ಬಾಣ ನಾಟಿತೋ ತಪ್ಪಿತೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಿನ್ಯಾಸಕ್ಕೆ ಅಂಥ ಗುರಿಯಿಲ್ಲ. ಹಾರ್ಸ್ಟ್ ರಿಟ್ಟೆಲ್ ಮತ್ತು ಮೆಲ್ವಿನ್ ವೆಬ್ಬರ್ 1973ರಲ್ಲಿ ಸಾಮಾಜಿಕ ಯೋಜನೆಯನ್ನು ಕುರಿತು ಬರೆಯುತ್ತ ‘ವಿಕೆಡ್’ ಸಮಸ್ಯೆಗಳೆಂದು ಹೆಸರಿಟ್ಟದ್ದು ಇಂಥವುಗಳನ್ನೇ: ಅವುಗಳ ಪರಿಹಾರವನ್ನು ಮೇಲು, ಕೀಳು ಎನ್ನಬಹುದೇ ಹೊರತು ಸರಿ, ತಪ್ಪು ಎನ್ನಲಾಗದು, ಮತ್ತು ಇಲ್ಲಿಗೆ ಮುಗಿಯಿತೆಂದು ಹೇಳುವ ಗುರುತೂ ಅವುಗಳಲ್ಲಿಲ್ಲ. ಆದುದರಿಂದ ಒಂಟಿಯಾಗಿ ಕಲಿಯುವವರಿಗೆ ಗುರುವಿನ ಕೈಗಿಂತ ಹೆಚ್ಚಾಗಿ ಬೇಕಾಗುವುದು ಇನ್ನೊಬ್ಬರ ಕಣ್ಣು. ಇದೇ ವಿಶ್ವವಿದ್ಯಾಲಯದ ‘ಓಪನ್ ಡಿಸೈನ್ ಸ್ಟುಡಿಯೊ’ ಎಂಬ ಆನ್‌ಲೈನ್ ಸ್ಟುಡಿಯೊದಲ್ಲಿ ವಿದ್ಯಾರ್ಥಿಗಳು ತಮ್ಮ ಕರಡು ಚಿತ್ರಗಳನ್ನೂ ಮಾದರಿಗಳ ಫೋಟೊಗಳನ್ನೂ ಸಹಪಾಠಿಗಳ ಮುಂದಿಟ್ಟು, ಒಬ್ಬರ ಕೆಲಸಕ್ಕೆ ಒಬ್ಬರು ಟಿಪ್ಪಣಿ ಬರೆಯುತ್ತಾರೆ. ಇಲ್ಲಿ ಸಾನ್ನಿಧ್ಯ ಎಂಬ ಪದದ ಅರ್ಥವೇ ಸರಿದು, ಅಪೂರ್ಣವಾದದ್ದನ್ನು ಪರರ ನೋಟಕ್ಕೆ ಒಡ್ಡುವ ಧೈರ್ಯಕ್ಕೆ ಬಂದು ನಿಲ್ಲುತ್ತದೆ; ಒಂದೇ ಕೋಣೆಯಲ್ಲಿ ಕುಳಿತೂ ತನ್ನ ಹಾಳೆಯನ್ನು ಮುಚ್ಚಿಟ್ಟುಕೊಳ್ಳುವ ವಿದ್ಯಾರ್ಥಿಗೆ ಅದು ಲಭಿಸದು.

ಇಷ್ಟಾದರೂ ನಷ್ಟವೊಂದು ಉಳಿಯುತ್ತದೆ, ಅದನ್ನು ಮರೆಮಾಚುವುದು ಸಲ್ಲದು. ರಟ್ಟಿನ ಬಾಗು, ಮರದ ಎಳೆ, ಜೇಡಿಯ ತೇವ ಇವು ಫೋಟೊದಲ್ಲಿ ಕಾಣಬಹುದೇ ಹೊರತು ಕೈಗೆ ಹತ್ತವು, ಆದರೆ ವಿನ್ಯಾಸಕ್ಕೆ ವಸ್ತುವೂ ಒಬ್ಬ ಗುರುವೇ, ಅದು ಕಲಿಸುವುದು ಎದುರೊಡ್ಡಿ. ಹಿಡಿಕೆಯೊಂದರ ಚಿತ್ರವನ್ನು ನೋಡಿ ಟಿಪ್ಪಣಿ ಬರೆಯುವ ದೂರದ ಸಹಪಾಠಿಯ ಅಂಗೈಗೆ ಅದರ ಭಾರ ಮುಟ್ಟುವುದಿಲ್ಲ. ಆ ಭಾಗದ ಪಾಠವನ್ನು ವಿದ್ಯಾರ್ಥಿನಿಯು ಮನೆಯ ಮೇಜಿನ ಮೇಲೆಯೇ ಕತ್ತರಿಸಿ, ಅಂಟಿಸಿ, ಅಡುಗೆಮನೆಯಿಂದ ಬಂದ ಒದ್ದೆ ಕೈಯೊಂದಕ್ಕೆ ಆ ಹಿಡಿಕೆಯನ್ನು ಕೊಟ್ಟು, ಅದು ಜಾರುತ್ತದೆಯೇ ಎಂದು ನೋಡಿ ಕಲಿಯಬೇಕಾಗುತ್ತದೆ.