ಅನುಗ್ರಹವೂ ಸ್ವಪ್ರಯತ್ನವೂ

ತಪ್ಪೆಂದು ತಿಳಿದೂ ಮಾನವನು ತಪ್ಪನ್ನೇಕೆ ಮಾಡುತ್ತಾನೆ? ಮಾಡಿದುದರ ಹೊಣೆ ಅವನದೇ ಆದರೆ, ಬಿಡಬೇಕೆಂದು ಬಯಸಿಯೂ ಬಿಡಲಾರದವನ ಗತಿಯೇನು? ಕ್ರೈಸ್ತಮತದಲ್ಲಿ ಈ ಪ್ರಶ್ನೆಯನ್ನು ಕುರಿತು ಕ್ರಿ. ಶ. 5ನೆಯ ಶತಮಾನದ ಆದಿಯಲ್ಲಿ ನಡೆದ ವಾದವು ಸದ್ಭಕ್ತರ ಮನನಕ್ಕೆ ಯೋಗ್ಯವಾದುದು.

ಬ್ರಿಟನ್ನಿನಿಂದ ರೋಮಿಗೆ ಬಂದ ಪೆಲಾಗಿಯಸ್ ಎಂಬ ವಿರಕ್ತನು ಅಲ್ಲಿಯ ಜನರ ಆಚಾರಶೈಥಿಲ್ಯವನ್ನು ಕಂಡು ನೊಂದನು. ದೇವರು ಅಸಾಧ್ಯವಾದುದನ್ನು ವಿಧಿಸುವವನಲ್ಲ. ಆದಿಪುರುಷನಾದ ಆದಾಮನ ಪಾಪವು ಆತನಿಗೆ ಕೇಡು ತಂದಿತಲ್ಲದೆ ಸಂತತಿಗೆ ಅಂಟಲಿಲ್ಲ. ಮನಸ್ಸು ಮಾಡಿದರೆ ಮಾನವನು ನಿಷ್ಪಾಪಿಯಾಗಿ ಬಾಳಬಲ್ಲನು. ಇದು ಆತನ ಮತ.

ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ಪನಾದ ಅಗಸ್ಟೀನನು (354–430) ಇದನ್ನೊಪ್ಪಲಿಲ್ಲ. ಹದಿಹರೆಯದಲ್ಲಿ ಆತನು ಗೆಳೆಯರೊಡನೆ ನೆರೆಯವರ ಮರಸೇಬಿನ ಹಣ್ಣುಗಳನ್ನು ಕದ್ದಿದ್ದನು. ಹಸಿವಿರಲಿಲ್ಲ, ತನ್ನಲ್ಲಿಯೇ ಅವಕ್ಕಿಂತ ಒಳ್ಳೆಯ ಹಣ್ಣುಗಳಿದ್ದುವು, ಕದ್ದುದರಲ್ಲಿ ಹೆಚ್ಚಿನವು ಹಂದಿಗಳ ಪಾಲಾದುವು. ತಪ್ಪಿನ ಸವಿಗಾಗಿಯೇ ತಪ್ಪನ್ನು ಬಯಸುವ ಈ ಇಚ್ಛೆ ರೋಗಗ್ರಸ್ತವಾದುದೆಂದು ಆತನು ಕಂಡುಕೊಂಡನು. ಮಾನವನು ಪಾಪವನ್ನು ತನ್ನಿಚ್ಛೆಯಿಂದಲೇ ಮಾಡುತ್ತಾನೆ, ಆದುದರಿಂದ ಹೊಣೆ ಅವನದೇ. ಆದರೆ ಆ ಇಚ್ಛೆಯು ದೇವರತ್ತ ತಿರುಗಲು ದೇವರ ಅನುಗ್ರಹವೇ ಬೇಕು ಎಂಬುದು ಆತನ ಸಿದ್ಧಾಂತ.

ಒಬ್ಬನು ಬಾವಿಯಲ್ಲಿ ಬಿದ್ದಿರುವನೆನ್ನಿರಿ. ಮೆಟ್ಟಿಲುಗಳಿವೆ, ಹತ್ತಿ ಬಾ ಎನ್ನುವನು ಪೆಲಾಗಿಯಸ್. ಅವನ ಕಾಲು ಮುರಿದಿದೆ, ಹಗ್ಗವನ್ನು ಇಳಿಬಿಡಬೇಕು. ಅದನ್ನು ಹಿಡಿಯುವ ಮನಸ್ಸೂ ಮೇಲಿನವನ ಕರುಣೆಯಿಂದಲೇ ಹುಟ್ಟಬೇಕು ಎನ್ನುವನು ಅಗಸ್ಟೀನನು.

418ರಲ್ಲಿ ಕಾರ್ಥೇಜಿನ ಧರ್ಮಸಭೆಯು ಪೆಲಾಗಿಯಸನ ಮತವನ್ನು ತಿರಸ್ಕರಿಸಿತು. 529ರ ಆರೆಂಜ್ ಸಭೆಯು ಅನುಗ್ರಹವೇ ಮೊದಲೆಂದು ಸಾರಿತು. ಆದರೆ ದೇವರೇ ಕೆಲವರನ್ನು ಕೇಡಿಗೆ ನೇಮಿಸಿರುವನೆಂಬ ಮಾತನ್ನು ನಿರಾಕರಿಸಿತು. ಅನುಗ್ರಹ ಪಡೆದವನು ದೇವರ ನೆರವಿನಿಂದ ಶ್ರಮಿಸಲೇಬೇಕೆಂದೂ ಹೇಳಿತು. ಆದರೂ ವಾದವು ಮುಗಿಯಲಿಲ್ಲ. ಇಚ್ಛಾಸ್ವಾತಂತ್ರ್ಯವನ್ನು ಎತ್ತಿಹಿಡಿದು 1524ರಲ್ಲಿ ಎರಾಸ್ಮಸನು ಗ್ರಂಥ ಬರೆಯಲು, ಮರುವರ್ಷವೇ ಲೂಥರನು ಅದನ್ನು ಖಂಡಿಸಿದನು.

ಶರಣಧರ್ಮದಲ್ಲಿ ಪೂರ್ವಜನ ಅಪರಾಧವು ಸಂತತಿಗೆ ಬರುವುದೆಂಬ ಮಾತಿಲ್ಲ. ಆದರೆ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವು ಜೀವನನ್ನು ಮುಸುಕಿದೆಯೆಂದೂ, ಗುರುವಿನ ದೀಕ್ಷೆಯಿಂದ ಅದು ಕಳೆಯುವುದೆಂದೂ ಹೇಳಿದೆ. ಅಂಗೈಗೆ ಲಿಂಗವನ್ನು ಕರುಣಿಸುವವನು ಗುರು. ಅನುದಿನವೂ ಅದನ್ನು ಪೂಜಿಸಿ, ಕಾಯಕದಲ್ಲಿ ನಡೆದು ತೋರಬೇಕಾದವನು ಭಕ್ತ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ಕುಡಿತಕ್ಕೆ ಸಿಕ್ಕಿದ ಗೃಹಸ್ಥನೊಬ್ಬನು ಮೂರು ಬಾರಿ ಆಣೆಯಿಟ್ಟು ಮೂರು ಬಾರಿಯೂ ಮುರಿದು, ಮಡದಿಮಕ್ಕಳ ಮುಖ ನೋಡಲಾರದೆ ಕುಳಿತಿರುವನು. ಎಲ್ಲವೂ ನಿನ್ನ ಕೈಯಲ್ಲಿದೆಯೆಂದು ಜರೆದರೆ ಅವನು ಕುಸಿಯುವನು. ಎಲ್ಲವೂ ಹಣೆಯ ಬರೆಹವೆಂದರೆ ಮತ್ತೆ ಹೆಂಡದಂಗಡಿಗೆ ನಡೆವನು. ಮಾಡಿದ ತಪ್ಪನ್ನು ತನ್ನದೆಂದು ಅವನು ಒಪ್ಪಲಿ; ಬಿಡುವ ಬಲಕ್ಕಾಗಿ ಗುರುವಿನಲ್ಲಿಯೂ ಶರಣಸಂಗದಲ್ಲಿಯೂ ಕೈಯೊಡ್ಡಲಿ. ಹಾಗೆ ಕೈಯೊಡ್ಡುವ ಮನಸ್ಸು ಹುಟ್ಟಿದಾಗಲೇ ಕೃಪೆಯು ಅವನನ್ನು ಮುಟ್ಟಿತೆಂದು ತಿಳಿಯತಕ್ಕದ್ದು. ಗೆದ್ದ ದಿನ ಹೆಮ್ಮೆ ಸಲ್ಲದು. ಸೋತ ದಿನ ಹತಾಶೆ ಸಲ್ಲದು.