ಧೈರ್ಯ ಹೇಳುವುದು, ಭರವಸೆ ಕೊಡುವುದು

"ಎಂತದೂ ಇರ್ಲಿಕ್ಕಿಲ್ಲ ಅಮ್ಮ, ಗ್ಯಾರಂಟಿ."

ತೊಕ್ಕೊಟ್ಟು ಜಂಕ್ಷನ್‌ನಲ್ಲಿ ಬಸ್ಸಿಗೆ ಕಾಯುತ್ತಾ ನಾನು ಹೇಳಿದ ಮಾತಿದು. ಅಮ್ಮನ ಬಯಾಪ್ಸಿ ರಿಪೋರ್ಟ್ ತರಲು ಇಬ್ಬರೂ ಆಸ್ಪತ್ರೆಗೆ ಹೊರಟಿದ್ದೆವು. "ಎಂತಾದ್ರೂ ಇರಬಹುದಾ?" ಅಂತ ಅಮ್ಮ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಧೈರ್ಯವೂ ಇರಲಿಲ್ಲ. ಅದಕ್ಕೇ ಗ್ಯಾರಂಟಿ ಕೊಟ್ಟುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ಅದನ್ನು ಸುಳ್ಳು ಮಾಡಿತ್ತು.

ಅಮ್ಮ ಬೈಯಲಿಲ್ಲ. ಆದರೆ ಅವತ್ತಿನಿಂದ ನನ್ನನ್ನು ಕೇಳುವುದನ್ನೇ ಬಿಟ್ಟಳು. ಡಾಕ್ಟರನ್ನು ಕೇಳುತ್ತಿದ್ದಳು, ನರ್ಸನ್ನು ಕೇಳುತ್ತಿದ್ದಳು, ಪಕ್ಕದ ಬೆಡ್ಡಿನವರನ್ನೂ ಕೇಳುತ್ತಿದ್ದಳು. ನಾನು "ಸರಿಯಾಗ್ತದೆ" ಅಂದರೆ ಸುಮ್ಮನೆ ತಲೆಯಾಡಿಸುತ್ತಿದ್ದಳು. ಅವಳಿಗೆ ಅತಿ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ ನನ್ನ ಮಾತಿಗೆ ಬೆಲೆ ಹೋಗಿತ್ತು.

ಎಲ್ಲಿ ತಪ್ಪಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಹೊರಟದ್ದು ಧೈರ್ಯ ಹೇಳುವುದಕ್ಕೆ, ಬಾಯಿಂದ ಬಂದದ್ದು ಖಾತ್ರಿ. ಎರಡೂ ಬೇರೆ ಬೇರೆ ಕೆಲಸಗಳು. ಕನ್ನಡ ಅವಕ್ಕೆ ಬೇರೆ ಬೇರೆ ಕ್ರಿಯಾಪದಗಳನ್ನೇ ಇಟ್ಟಿದೆ, ನಾವು ಗಮನಿಸುವುದಿಲ್ಲ ಅಷ್ಟೆ.

ನೋಡಿ: ಧೈರ್ಯವನ್ನು ಹೇಳುತ್ತೇವೆ, ತುಂಬುತ್ತೇವೆ. ಅಲ್ಲಿ ನಾಳೆಯ ಬಗ್ಗೆ ಯಾವ ಲೆಕ್ಕವೂ ಇಲ್ಲ, ಎದುರಿಗಿರುವವರ ಮನಸ್ಸಿಗೆ ಒಂದು ಆಸರೆ ಇದೆ. ಭರವಸೆಯನ್ನು ಕೊಡುತ್ತೇವೆ. ಕೊಟ್ಟ ಮೇಲೆ ಅದು ನಮ್ಮ ತಲೆ ಮೇಲಿನ ಸಾಲ. ಖಾತ್ರಿಯನ್ನು ಮಾಡಿಕೊಳ್ಳುತ್ತೇವೆ, ಅಂದರೆ ಸ್ವತಃ ನೋಡಿ, ಎಣಿಸಿ, ಪರೀಕ್ಷಿಸಿ. ಇನ್ನು ನಂಬಿಸುವುದು. ಅದಕ್ಕೆ ವಿಷಯ ನಿಜವಾಗಿರಬೇಕು ಅಂತಲೇ ಇಲ್ಲ, ಎದುರಿಗಿರುವವರು ಒಪ್ಪಿದರೆ ಸಾಕು. ಹಾಗಾಗಿಯೇ ಇರಬೇಕು, ನಮ್ಮಲ್ಲಿ 'ನಂಬಿಸಿ' ಎಂದ ಕೂಡಲೇ 'ಮೋಸ ಮಾಡಿದ' ಎಂದು ನಾಲಿಗೆ ತಾನಾಗಿ ಮುಂದುವರಿಯುವುದು.

ಬ್ರಿಟಿಷ್ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಥದ್ದೇ ಒಂದು ವಿಚಾರ ಇಟ್ಟರು. ಕೆಲವು ಮಾತುಗಳು ಸುದ್ದಿ ತಿಳಿಸುವುದಿಲ್ಲ, ಒಂದು ಕೆಲಸವನ್ನೇ ಮಾಡಿಬಿಡುತ್ತವೆ. "ಮಾತು ಕೊಡ್ತೇನೆ" ಎಂದ ಕ್ಷಣಕ್ಕೆ ಮಾತು ಕೊಟ್ಟಾಯಿತು. ಆಮೇಲೆ "ಸುಮ್ಮನೆ ಹೇಳಿದ್ದು" ಅಂದರೆ ನಡೆಯುವುದಿಲ್ಲ.

ಲೋಕಸಭೆಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಮಂತ್ರಿಗಳು ಸದನದಲ್ಲಿ ಆಡುವ ಯಾವ ಯಾವ ಮಾತು ಭರವಸೆ ಎನಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದು ಪಟ್ಟಿಯೇ ಉಂಟು. 'ವಿಷಯ ಪರಿಶೀಲನೆಯಲ್ಲಿದೆ', 'ಅದನ್ನು ನೋಡುತ್ತೇನೆ' ಎಂಬಂಥವೂ ಅದರಲ್ಲಿವೆ. ಹಾಗೆ ಅಂದವರು ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ಆಫೀಸಿನಲ್ಲಿ ನಾವು ದಿನಕ್ಕೆ ಹತ್ತು ಸಲ ಹೇಳುವ "ನೋಡ್ತೇನೆ ಸರ್"ಗೆ ಇಂಥದ್ದೊಂದು ಸಮಿತಿ ಇದ್ದರೆ ನಮ್ಮ ಗತಿ ಏನು!

ಖಾತ್ರಿಯ ತೂಕ ಇನ್ನೂ ಜಾಸ್ತಿ. ಉದ್ಯೋಗ 'ಖಾತ್ರಿ' ಎಂದು ನಾವು ಕರೆದ 2005ರ ಕಾನೂನು ವರ್ಷಕ್ಕೆ 100 ದಿನ ಕೆಲಸ ಎಂದು ಹೇಳಿ ಸುಮ್ಮನಾಗಲಿಲ್ಲ. ಕೇಳಿದ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದೂ ಬರೆಯಿತು. ತಪ್ಪಿದರೆ ಏನು ಎಂಬುದಕ್ಕೆ ಉತ್ತರ ಇದ್ದರೆ ಮಾತ್ರ ಅದು ಖಾತ್ರಿ. ತೊಕ್ಕೊಟ್ಟಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಫ್ಲೈಓವರ್ 2019ರಲ್ಲಿ ತೆರೆಯುವ ಮುಂಚೆ ಎಷ್ಟು ಗಡುವುಗಳು ಬಂದು ಹೋದವು ಅಂತ ಇಲ್ಲಿನ ರಿಕ್ಷಾದವರನ್ನು ಕೇಳಿ. ಅಮ್ಮನಿಗೆ ನಾನು ಕೊಟ್ಟದ್ದೂ ಅದೇ ಜಾತಿಯ ಗಡುವು. ತಪ್ಪಿದರೆ ತುಂಬಿಕೊಡಲು ನನ್ನ ಹತ್ತಿರ ಏನಿತ್ತು?

ಹಾಗಾದರೆ ಹೆದರಿದವರ ಮುಂದೆ ಪರ್ಸೆಂಟೇಜ್ ಲೆಕ್ಕ ಓದಬೇಕಾ ಅಂತ ನೀವು ಕೇಳಬಹುದು. ಖಂಡಿತ ಅಲ್ಲ. ಆಶ್ವಾಸನೆ ಎಂಬ ಶಬ್ದದೊಳಗೆ ಶ್ವಾಸ ಇದೆ. ವಿಶ್ವಾಸದಲ್ಲೂ ಅದೇ ಶ್ವಾಸ. ಉಸಿರು ಕಟ್ಟಿದವರು ಮತ್ತೆ ನಿರಾಳವಾಗಿ ಉಸಿರಾಡುವ ಹಾಗೆ ಮಾಡುವುದು ಸಣ್ಣ ಕೆಲಸ ಅಲ್ಲ, ಅದನ್ನು ಮಾಡಲೇಬೇಕು. ಪ್ರಶ್ನೆ ಇರುವುದು ಅದಕ್ಕೆ ನಮ್ಮದಲ್ಲದ್ದನ್ನು ಕೊಡಬಹುದಾ ಎಂಬುದು.

ಇದಕ್ಕೆ ಉತ್ತರ ಸಿಕ್ಕಿದ್ದು ಆಪರೇಷನ್ನಿನ ಹಿಂದಿನ ದಿನ. ಪಕ್ಕದ ಮನೆಯ ಅಕ್ಕ ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು. ಅಮ್ಮನ ಕೈ ಹಿಡಿದು ತುಳುವಿನಲ್ಲಿ ಎರಡೇ ಶಬ್ದ ಹೇಳಿದರು: "ಯಾನ್ ಉಲ್ಲೆ." ನಾನಿದ್ದೇನೆ. ಅಮ್ಮನ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಅಕ್ಕ ರೋಗದ ಬಗ್ಗೆ ಏನೂ ಹೇಳಲಿಲ್ಲ. ನಾಳೆಯ ಬಗ್ಗೆಯೂ ಹೇಳಲಿಲ್ಲ. ತನ್ನ ಕೈಯಲ್ಲಿ ಏನಿತ್ತೋ ಅಷ್ಟನ್ನೇ ಕೊಟ್ಟರು.

ಆ ರಾತ್ರಿ ನಾನೂ ಹೇಳಿದೆ: "ನಾಳೆ ಎಂತಾಗ್ತದೆ ಅಂತ ನನಗೂ ಗೊತ್ತಿಲ್ಲ ಅಮ್ಮ. ಹತ್ತು ದಿನ ರಜೆ ಹಾಕಿದ್ದೇನೆ. ನಿನ್ನನ್ನು ಹೊರಗೆ ತರುವಾಗ ಥಿಯೇಟರಿನ ಬಾಗಿಲಲ್ಲೇ ಇರ್ತೇನೆ."

ಇದು ನಾನು ನಡೆಸಿಕೊಡಬಹುದಾದ ಮಾತು. ಬಾಸ್ ಫೋನ್ ಮಾಡಿದರೂ, ಲ್ಯಾಪ್‌ಟಾಪ್ ಬೀಪ್ ಅಂದರೂ ನಡೆಸಿಕೊಡಬೇಕಾದ ಮಾತು. ಗ್ಯಾರಂಟಿ ಕೊಡುವುದು ಎಷ್ಟು ಸುಲಭವಾಗಿತ್ತು ಅಂತ ಆಗ ಅರ್ಥವಾಯಿತು. ಅದಕ್ಕೆ ನಾನು ಏನೂ ಮಾಡಬೇಕಾಗಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಊಟ ಮಾಡಿ ಬಾ, ಹಸಿದುಕೊಂಡು ನಿಲ್ಬೇಡ" ಅಂದಳು. ದೀಪ ಆರಿಸಲು ಎದ್ದಾಗ ಮತ್ತೆ ಕರೆದಳು: "ಇವತ್ತು ಡಾಕ್ಟರ್ ಇಂಗ್ಲಿಷಿನಲ್ಲಿ ಎಂತ ಹೇಳಿದ್ದು? ನೀನು ಸರಿಯಾಗಿ ಹೇಳು."

ಎಷ್ಟೋ ದಿನಗಳ ಮೇಲೆ ಅವಳು ನನ್ನನ್ನು ಕೇಳಿದ್ದಳು. ಕುರ್ಚಿ ಹತ್ತಿರ ಎಳೆದುಕೊಂಡು, ಗೊತ್ತಿದ್ದಷ್ಟನ್ನು ಹೇಳಿದೆ.