ಹಳೆಯ ವೈಪರ್, ಹೊಸ ಪ್ರಶ್ನೆ

ತಮ್ಮ: ಅಕ್ಕಾ, 2003ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಮತ್ತೆ ನೋಡಿದೆ. ಅದರಲ್ಲಿನ ಯುದ್ಧವಿಮಾನ ವೈಪರ್ ಮಾರ್ಕ್ 2 ನಲವತ್ತು ವರ್ಷ ಹಿಂದಿನ ಯುದ್ಧದ್ದು. ಮ್ಯೂಸಿಯಂ ಸಾಮಾನಾಗಿ ನಿಂತಿದ್ದನ್ನು ಹೊರಗೆಳೆದು ಹಾರಿಸುತ್ತಾರೆ, ಗ್ಯಾಲಾಕ್ಟಿಕಾ ಹಡಗನ್ನು ಕಾಯುವುದೂ ಅದೇ. ಹಳೆಯದೇ ಗಟ್ಟಿ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಕ್ಕ: ಅವಸರ ಬೇಡ ಕಣೋ. ಹೊಸ ಮಾರ್ಕ್ 7 ಯಾಕೆ ಸೋತಿತು, ಮೊದಲು ಅದನ್ನು ಹೇಳು.

ತಮ್ಮ: ಅದರಲ್ಲಿ ಬಾಲ್ಟರ್ ಎಂಬ ವಿಜ್ಞಾನಿಯ ನ್ಯಾವಿಗೇಶನ್ ಪ್ರೋಗ್ರಾಂ ಇತ್ತು. ಮನುಷ್ಯರ ಶತ್ರುಗಳಾದ ಯಂತ್ರಜೀವಿ ಸೈಲಾನರು ಅದರೊಳಗೆ ಕಳ್ಳದಾರಿ ಮಾಡಿಟ್ಟಿದ್ದರು. ಶತ್ರು ಎದುರಾದ ಕೂಡಲೇ ವಿಮಾನವೆಲ್ಲ ಸ್ತಬ್ಧ.

ಅಕ್ಕ: ಮಾರ್ಕ್ 2ಕ್ಕೆ ಎರಡು ಗನ್, ಮಾರ್ಕ್ 7ಕ್ಕೆ ಮೂರು. ಬಲದಲ್ಲಿ ಹೊಸದೇ ಮೇಲು. ಸೋತದ್ದು ಅದರ ಕೀಲಿ ಬೇರೆಯವರ ಕೈಗೆ ಸಿಕ್ಕಿದ್ದರಿಂದ. ಮುಂದೆ ಮಾರ್ಕ್ 7ಗಳೂ ದುರಸ್ತಿಯಾಗಿ ಮಾರ್ಕ್ 2ರ ಪಕ್ಕದಲ್ಲೇ ಹಾರುತ್ತವೆ. ಅಂದಮೇಲೆ ವಯಸ್ಸಿನ ಮಾತು ಬಿಡು. ಹಡಗಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಕಮಾಂಡರ್ ಅಡಾಮಾ ಒಪ್ಪಲಿಲ್ಲವಲ್ಲ, ಅವರ ಹಟ ಇದ್ದದ್ದು ಕೀಲಿ ಬೇರೆಯವರ ಕೈಗೆ ಹೋಗಬಾರದೆಂದೇ.

ತಮ್ಮ: ಆದರೂ ಆಯುಧದಲ್ಲಿ ಕಥೆ ಹಿಂದಕ್ಕೇ ಹೋಯಿತು. 1978ರ ಮೂಲ ಧಾರಾವಾಹಿಯಲ್ಲಿ ವೈಪರ್ ಲೇಸರ್ ಹಾರಿಸುತ್ತಿತ್ತು. ರೊನಾಲ್ಡ್ ಮೂರ್ ಮತ್ತೆ ಕಟ್ಟಿದಾಗ ಗುಂಡು ಬಂತು.

ಅಕ್ಕ: ನನಗೆ ಅದು ಹಿನ್ನಡೆ ಅನ್ನಿಸುವುದಿಲ್ಲ. ಗುಂಡು ಮುಗಿಯುತ್ತದೆ. ನಿವೃತ್ತಿಗೆ ನಿಂತಿದ್ದ ಗ್ಯಾಲಾಕ್ಟಿಕಾದಲ್ಲಿ ಮದ್ದುಗುಂಡೇ ಇರಲಿಲ್ಲ, ಅದಕ್ಕಾಗಿ ರಾಗ್ನಾರ್ ನಿಲ್ದಾಣಕ್ಕೆ ಹೋಗಬೇಕಾಯಿತು. ಮುಗಿಯುವ ಆಯುಧ ಹಿಡಿದವನು ಪ್ರತಿ ಸಲವೂ ಹಾರಿಸಲೋ ಬೇಡವೋ ಎಂದು ತೂಗಬೇಕು.

ತಮ್ಮ: ತೂಗಿದ ಮಾತ್ರಕ್ಕೆ ಕೈ ಶುದ್ಧವಾಗುತ್ತದಾ? ‘33’ ಎಂಬ ಕಂತಿನಲ್ಲಿ ಸೈಲಾನರು ಒಲಿಂಪಿಕ್ ಕ್ಯಾರಿಯರ್ ಎಂಬ ಪ್ರಯಾಣಿಕ ಹಡಗಿನ ಮೂಲಕ ಗ್ಯಾಲಾಕ್ಟಿಕಾದ ಜಾಡು ಹಿಡಿಯುತ್ತಿದ್ದಾರೆಂಬ ಅನುಮಾನ. ಆ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಇರಬೇಕಿತ್ತು. ಅದನ್ನು ಉಡಾಯಿಸಿದ್ದು ಸೈಲಾನರಲ್ಲ, ವೈಪರಿನಲ್ಲಿ ಕೂತ ಪೈಲಟ್‌ಗಳಾದ ಲೀ ಅಡಾಮಾ ಮತ್ತು ಸ್ಟಾರ್‌ಬಕ್. ಅಲ್ಲಿ ಯಾವ ಕಳ್ಳದಾರಿಯೂ ಇರಲಿಲ್ಲ.

ಅಕ್ಕ: ನಿಜ. ಮನುಷ್ಯನ ಬೆರಳಿದ್ದರೆ ಆಯುಧ ಒಳ್ಳೆಯದಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಲೀ ಆ ಹಡಗಿನ ಕಿಟಕಿಗಳಲ್ಲಿ ಯಾರಾದರೂ ಕಾಣುತ್ತಾರಾ ಎಂದು ನೋಡಿದ. ಆಮೇಲೂ ಆ ಸಂಶಯ ಅವನನ್ನು ಬಿಡಲಿಲ್ಲ.

ತಮ್ಮ: ಅವನ ಸಂಕಟದಿಂದ ಸತ್ತವರಿಗೆ ಏನು ಬಂತು?

ಅಕ್ಕ: ಅವರಿಗೆ ಏನೂ ಬರಲಿಲ್ಲ. ಉಳಿದವರಿಗೆ ಬಂತು. ‘ನೀನು ಯಾಕೆ ಹೊಡೆದೆ?’ ಎಂದು ಕೇಳಲು ಅವರ ಮುಂದೆ ಒಬ್ಬ ಇದ್ದ. ಯಂತ್ರವೇ ನಿರ್ಧರಿಸಿದ್ದರೆ ಈ ಪ್ರಶ್ನೆ ತಂತ್ರಜ್ಞನಿಂದ ಅಧಿಕಾರಿಗೆ, ಅಧಿಕಾರಿಯಿಂದ ಸರ್ಕಾರಕ್ಕೆ ಅಲೆದು ಕೊನೆಗೆ ಯಾರಿಗೂ ಅಂಟುತ್ತಿರಲಿಲ್ಲ.

ತಮ್ಮ: ಆದರೆ ಆಜ್ಞೆ ಕೊಟ್ಟಿದ್ದು ಅಧ್ಯಕ್ಷೆ ರೋಸ್ಲಿನ್. ಪೈಲಟ್ ಒಬ್ಬನ ತಲೆಗೇ ಕಟ್ಟಿದರೆ ಅದೂ ಅನ್ಯಾಯ.

ಅಕ್ಕ: ಒಪ್ಪಿದೆ. ಆಜ್ಞೆ ಕೊಟ್ಟವರೂ ಉತ್ತರ ಕೊಡಬೇಕು, ಪಾಲಿಸಿದವರೂ ಕೊಡಬೇಕು. ಹಾಗೆ ಕೇಳುವ ದಾರಿ ಮುಚ್ಚಿಹಾಕುವ ಆಯುಧ ಎಷ್ಟೇ ಹೊಸದಾಗಿರಲಿ, ಅದನ್ನು ನಾವು ಒಪ್ಪಬಾರದು.